ಮಾಸ್ತರರ ಕೆಂಪು ಚುಕ್ಕೆ

ನಮ್ಮ ಟೈಪಿಂಗ್ ಮಾಸ್ತರರ ಬಲಗೈ ಹೆಬ್ಬೆರಳಿನ ತುದಿ ಸದಾ ಕೆಂಪಗಿರುತ್ತಿತ್ತು. ಎಲೆ ಅಡಿಕೆಯ ಕೆಂಪಲ್ಲ, ಟೈಪ್‌ರೈಟರ್ ರಿಬ್ಬನ್ನಿನ ಕೆಂಪೂ ಅಲ್ಲ, ಹೆಂಗಸರು ಉಗುರಿಗೆ ಹಚ್ಚಿಕೊಳ್ಳುವ ನೇಲ್‌ಪಾಲಿಶ್. ಬಿಳಿ ಅಂಗಿ, ಬಿಳಿ ಧೋತರ, ಹಣೆತುಂಬ ವಿಭೂತಿ, ಕಿಸೆಯಲ್ಲಿ ನೇಲ್‌ಪಾಲಿಶ್ ಶೀಸೆ. ಹೆಂಡತಿ ತೀರಿಕೊಂಡ ಮನುಷ್ಯ ಆಗಾಗ ಬಳೆ ಅಂಗಡಿಗೆ ಹೋಗಿ ಇದನ್ನು ಕೊಳ್ಳುವುದನ್ನು ಕಂಡು ಅಣ್ಣಿಗೇರಿಯ ಪೇಟೆಯವರು ಕಟ್ಟಿದ ಕಥೆಗಳು ಒಂದೆರಡಲ್ಲ. ಅಸಲು ಸಂಗತಿ ಏನೆಂದರೆ, ಅವರು ತಮ್ಮವೆಂಬ ವಸ್ತುಗಳಿಗೆಲ್ಲ ಗುರುತು ಹಾಕುತ್ತಿದ್ದರು. ಟೈಪ್‌ರೈಟರಿನ ಹೊಟ್ಟೆಯೊಳಗೆ, ಸ್ಟೂಲಿನ ಅಡಿಗೆ, ಛತ್ರಿಯ ಹಿಡಿಕೆಯ ಒಳಮಗ್ಗುಲಿಗೆ, ಕಡೆಗೆ ಚಪ್ಪಲಿಯ ತಳಕ್ಕೂ ಒಂದೊಂದು ಕೆಂಪು ಚುಕ್ಕೆ.

ಅವರು ಮೂಲತಃ ಯರಗುಪ್ಪಿ ಕಡೆಯ ಒಕ್ಕಲು ಮನೆತನದವರು. ಕಣದಲ್ಲಿ ಜೋಳದ ರಾಶಿಯಾದ ಮೇಲೆ ಅವರ ತಂದೆ ಅದರ ಸುತ್ತ ಬೂದಿಯ ಗೆರೆ ಎಳೆದು ಮಲಗುತ್ತಿದ್ದರಂತೆ. ಯಾರಾದರೂ ಕೈ ಹಾಕಿದರೆ ಗೆರೆ ಕೆಟ್ಟು ಬೆಳಿಗ್ಗೆ ಗೊತ್ತಾಗುತ್ತಿತ್ತು. ಮಗ ಅದರ ಮೇಲೆ ಇನ್ನೊಂದು ಮೆಟ್ಟಿಲು ಏರಿದ್ದರು. "ಗೆರಿ ಕಳ್ಳಗ ಕಾಣತೈತಿ ತಂಗಿ. ಅಂವ ಕದ್ದು ಮತ್ತ ಗೆರಿ ಎಳದು ಹೋಗತಾನ. ಗುರುತು ಅಂದ್ರ ಹಾಕಿದಾಂವಗ ಮಾತ್ರ ಕಾಣಬೇಕು," ಎನ್ನುತ್ತಿದ್ದರು.

ಅವರ ಸಂಶಯಕ್ಕೆ ಮೇಲು ಕೀಳು ಇರಲಿಲ್ಲ. ಹಾಲಿನವನ ಮೇಲೆ ಎಷ್ಟೋ ಗಡಿಯಾರದ ಮೇಲೂ ಅಷ್ಟೇ. ರೇಡಿಯೋದಲ್ಲಿ ಮಳೆ ಬರುತ್ತದೆ ಎಂದರೆ, ಹೇಳಿದವನಿಗೆ ಅದರಿಂದ ಏನು ಲಾಭ ಎಂದು ಯೋಚಿಸುವವರು. ವಿದ್ಯಾರ್ಥಿಗಳು ಟೈಪ್ ಮಾಡುವಾಗ ಹಿಂದೆ ಬಂದು ಸುಮ್ಮನೆ ನಿಲ್ಲುತ್ತಿದ್ದರು. ಏನೂ ತಪ್ಪು ಮಾಡದವರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕು, ಅಂಥ ನಿಲುವು. ಆದರೆ ಒಂದು ಮಾತು ಹೇಳಬೇಕು. ಇಷ್ಟೆಲ್ಲ ಸಂಶಯಪಟ್ಟರೂ ಯಾರನ್ನೂ ಬಾಯಿಬಿಟ್ಟು ಕಳ್ಳ ಎಂದವರಲ್ಲ.

ನಾನು ಅವರಲ್ಲಿ ಟೈಪಿಂಗ್ ಕಲಿತು, ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಮತ್ತೆ ಅವರಲ್ಲೇ ಕಲಿಸಲು ಸೇರಿದ್ದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಇನ್ನು ಮುಂದೆ ಟೈಪ್‌ರೈಟರ್ ಇರುವುದಿಲ್ಲ, ಎಲ್ಲ ಕಂಪ್ಯೂಟರ್ ಎಂದು ಯಾರೋ ಹೇಳಿದರು. ಮಾಸ್ತರರು ಅದನ್ನು ನಂಬಲಿಲ್ಲ. ಸುಳ್ಳು ಎಂದೂ ನಂಬಲಿಲ್ಲ. ಹುಬ್ಬಳ್ಳಿಯ ಅಂಗಡಿಯಲ್ಲಿ ಸಿದ್ಧ ಯಂತ್ರ ತೋರಿಸಿದರೆ ಅದನ್ನು ಸುತ್ತು ಹಾಕಿ ನೋಡಿ ಹೊರಗೆ ಬಂದುಬಿಟ್ಟರು.

"ಮುಚ್ಚಿದ ಡಬ್ಬಿ ತಗೊಳ್ಳಾಂವ ನಾ ಅಲ್ಲ. ಒಳಗ ಏನ್ ಇಟ್ಟಾನೋ ಯಾಂವ ಬಲ್ಲ. ಬಿಡಿಬಿಡಿ ಸಾಮಾನು ತಾ, ನನ್ನ ಕಣ್ಣಮುಂದ ಜೋಡಸು."

ಪಾಲಿಟೆಕ್ನಿಕ್ಕಿನಲ್ಲಿ ನಾವು ಕಂಪ್ಯೂಟರನ್ನು ನೋಡಿದ್ದು ದೇವರನ್ನು ನೋಡಿದ ಹಾಗೆ, ದೂರದಿಂದ. ಪೂರ್ತಿ ಒಂದನ್ನು ಜೋಡಿಸಿದವರು ನಮ್ಮ ಬ್ಯಾಚಿನಲ್ಲಿ ಯಾರೂ ಇರಲಿಲ್ಲ. ಆದರೂ ಆಗಲಿ ಎಂದೆ. ಮುಂಬಯಿಯಿಂದ ಸಾಮಾನು ತರಿಸುವ ಆ ಅಂಗಡಿಯವನಿಂದಲೇ ಎಲ್ಲವನ್ನೂ ಕೊಂಡು, ಜೋಡಿಸುವ ವಿಧಾನ ಅಚ್ಚುಹಾಕಿದ್ದ ನಾಲ್ಕು ಹಾಳೆಯನ್ನೂ ಇಸಿದುಕೊಂಡು, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಮಾಸ್ತರರು ಅಂದು ಸಂಜೆ ನನ್ನನ್ನು ಬೇಗ ಮನೆಗೆ ಕಳಿಸಿದರು. ಯಾಕೆಂದು ಆಗ ಹೊಳೆಯಲಿಲ್ಲ.

ಮರುದಿನ ಬೆಂಚಿನ ಮೇಲೆ ಬಿಳಿ ಧೋತರ ಹಾಸಿ ಕೂತೆವು. ನಾನು ಜೋಡಿಸುವುದು, ಅವರು ಎದುರಿಗೆ ಕೂತು ಕಣ್ಣು ಮಿಟುಕಿಸದೆ ನೋಡುವುದು. ದೊಡ್ಡ ಹಸಿರು ಬೋರ್ಡನ್ನು ತಗಡಿನ ಪೆಟ್ಟಿಗೆಗೆ ಸ್ಕ್ರೂ ಹಾಕಿ ಕೂರಿಸಿದೆ. ಮೆಮರಿಯ ಚಿಪ್‌ಗಳು, ಫ್ಲಾಪಿ ಡ್ರೈವು, ಪರದೆಗೆ ಅಕ್ಷರ ಕಳಿಸುವ ಕಾರ್ಡು, ಎಲ್ಲ ಒಂದೊಂದಾಗಿ ಒಳಗೆ ಹೋದವು. ಕಾರ್ಡಿನ ಕೆಳ ಅಂಚಿಗೆ ಬಂಗಾರದ ಬಣ್ಣದ ಹಲ್ಲುಗಳಿದ್ದವು. ಅದನ್ನು ಬೋರ್ಡಿನ ಸೀಳಿಗೆ ಒತ್ತಿದೆ. ಅವರ ಕಣ್ಣು ಪೆಟ್ಟಿಗೆಯ ಬೆನ್ನಿನ ಕಡೆ ಇತ್ತು.

ಕರೆಂಟಿನ ಪಿನ್ನು ಹಾಕಲು ಹೋದೆ. "ನಿಂದರು," ಎಂದರು. ಪೆಟ್ಟಿಗೆಯ ಬೆನ್ನಿನಲ್ಲಿ ಒಂದು ಸಣ್ಣ ಕೆಂಪು ಬಟನ್ ಇತ್ತು. "ಇದ್ಯಾಕ ಐತಿ ಇಲ್ಲಿ? ಯಾವ ಕಂಪನಿಯಾಂವನೂ ಬಟನ್ ಪುಕ್ಕಟ ಕೊಡೂದಿಲ್ಲ." ಹಾಳೆ ತಿರುವಿ ನೋಡಿದೆ. ಬಟನ್ ಪರದೇಶದ ಕಡಿಮೆ ವೋಲ್ಟೇಜಿಗೆ ಸರಿಸಿಟ್ಟದ್ದು. ನಮ್ಮ ಕರೆಂಟು ಕೊಟ್ಟಿದ್ದರೆ ಅಲ್ಲೇ ಢಂ ಎನ್ನುತ್ತಿತ್ತು. ಅವರಿಗೆ ವೋಲ್ಟೇಜ್ ಗೊತ್ತಿರಲಿಲ್ಲ, ಬಟನ್ನಿನ ಮೇಲೆ ನಂಬಿಕೆ ಇರಲಿಲ್ಲ, ಅಷ್ಟೇ.

ಬಟನ್ ಸರಿಸಿ ಕರೆಂಟು ಕೊಟ್ಟೆ. ಫ್ಯಾನು ತಿರುಗಿತು. ಒಳಗಿನಿಂದ ಒಂದು ಉದ್ದ ಕೂಗು, ಎರಡು ಗಿಡ್ಡ ಕೂಗು. ಪರದೆ ಮಾತ್ರ ಕಾರಹುಣ್ಣಿಮೆಯ ಮೊದಲಿನ, ಇನ್ನೂ ಬಿತ್ತದ ಎರೆಹೊಲದಂತೆ ಕಪ್ಪಗೆ. ಎಷ್ಟು ಸಲ ಹಚ್ಚಿ ಆರಿಸಿದರೂ ಅದೇ ಕೂಗು. ಹಾಳೆಯ ಪ್ರಕಾರ ಅದರ ಅರ್ಥ, ಪರದೆಯ ಕಾರ್ಡು ಸರಿಯಿಲ್ಲ.

"ಕಾರ್ಡು ಕೆಟ್ಟೈತ್ರೀ ಸರ್," ಎಂದೆ.

ಮಾಸ್ತರರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ತಂಗಿ, ಖರೇ ಹೇಳು. ಹಳೇ ಕಾರ್ಡು ಹಿಡಸಾಕ ಆ ಅಂಗಡಿಯಾಂವ ನಿನಗ ಏನರ ಕೊಟ್ಟಾನೇನು?"

ಕರೆಂಟಿನ ಪಿನ್ನು ಕಿತ್ತೆ. ಕಾರ್ಡನ್ನು ಬಿಚ್ಚಿದೆ. ಅದನ್ನು ನನ್ನ ಕೈಯಿಂದ ತಕ್ಷಣ ಇಸಿದುಕೊಂಡು, ಹಾಳೆಯಲ್ಲಿ ಸುತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು. ನಾಳೆ ಹುಬ್ಬಳ್ಳಿಗೆ ಇಬ್ಬರೂ ಹೋಗುವುದು, ಮೊದಲು ಕಾರ್ಡು ತೋರಿಸುವುದು, ಅಂಗಡಿಯವನು ಒಪ್ಪದಿದ್ದರೆ ಸಾಮಾನೆಲ್ಲ ತಿರುಗಿ ಕೊಡುವುದು ಎಂದರು. ಮನೆಗೆ ಬಂದು ಅಪ್ಪನ ಮುಂದೆ ಅತ್ತೆ. ಅಪ್ಪ ರೈಲ್ವೆಯಲ್ಲಿದ್ದವರು, ಹೆಚ್ಚು ಮಾತಿನವರಲ್ಲ.

"ಆ ಮನಶಾ ಎಲ್ಲಾರ ಮ್ಯಾಲೂ ಸಂಶೇ ಪಡತಾನ, ಖರೇ. ಆದ್ರ ಬಾಯಿಲೆ ಅಂದಾನಂದ್ರ ಊರು ನಂಬತೈತಿ," ಎಂದರು. "ನಾಳೆ ಹೋಗು. ಹೋಗಲಿಲ್ಲಂದ್ರ ನೀನ ಒಪ್ಪಿದಂಗ."

ಅದೇ ನನ್ನ ಭಯ. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಆದರೆ ಇಷ್ಟು ಸಣ್ಣ ಊರಿನಲ್ಲಿ ಒಮ್ಮೆ ಕೈ ಶುದ್ಧವಿಲ್ಲ ಎಂದು ಹೆಸರು ಬಂದರೆ ಅದನ್ನು ಎಲ್ಲಿ ತೊಳೆದುಕೊಳ್ಳುವುದು?

ಬೆಳಗಿನ ಪ್ಯಾಸೆಂಜರಿನಲ್ಲಿ ಎದುರು ಬದುರು ಕೂತು ಹುಬ್ಬಳ್ಳಿ ಮುಟ್ಟಿದೆವು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಮಾಸ್ತರರು ಎಲ್ಲರೆದುರಿಗೆ, "ಹೊಸಾದಂತ ಹೇಳಿ ಹಳೇದು ಕೊಟ್ಟೀರಿ," ಎಂದು ಶುರುಮಾಡಿದರು. ಅಂಗಡಿಯವನೂ ಬಿಸಿಯಾದ.

"ನಾ ಕೊಟ್ಟದ್ದು ಹೊಸಾದ್ರೀ. ನಿಮ್ಮ ಕಡೆ ಯಾರರ ಬದಲಿ ಮಾಡಿದ್ರ ನಾ ಏನ್ ಮಾಡ್ಲಿ?"

ಆ "ಯಾರಾದರೂ" ಯಾರು ಎಂದು ಅಂಗಡಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿ ನೋಡಿದರು. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮಾಸ್ತರರಿಗೆ ಆಗ ಹುರುಪು ಬಂತು. "ಬದಲಿ ಆಗೇತೋ ಇಲ್ಲೋ ಈಗ ತೋರಸ್ತೀನಿ," ಎಂದು ಹಾಳೆ ಬಿಚ್ಚಿ, ಕನ್ನಡಕ ಏರಿಸಿ, ಕಾರ್ಡನ್ನು ತಲೆಕೆಳಗು ಹಿಡಿದರು. "ನೋಡ್ರಿ. ನನ್ನ ಗುರುತು ಇಲ್ಲೇ ಐತಿ. ಇದ ಕಾರ್ಡು. ಈ ಹುಡಿಗಿ ಬದಲಿ ಮಾಡಿಲ್ಲ."

ಬಂಗಾರದ ಹಲ್ಲುಗಳ ಹಿಂಬದಿಯಲ್ಲಿ, ಕಡೆಯ ಎರಡು ಮೂರು ಹಲ್ಲುಗಳ ಮೇಲೆ, ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡ ಕೆಂಪು ಚುಕ್ಕೆ. ಸೀಳಿನೊಳಗೆ ಹೋದ ಮೇಲೆ ಹಾಕಿದವನಿಗಲ್ಲದೆ ಇನ್ನಾರಿಗೂ ತಿಳಿಯದ ಜಾಗ.

ಅಂಗಡಿಯವನು ಕಾರ್ಡು ಇಸಿದುಕೊಂಡು ನೋಡಿದ. ಉಗುರಿನಿಂದ ಕೆರೆದ. "ಇದೇನ್ರೀ ಇದು?"

"ನೇಲ್‌ಪಾಲಿಶ್," ಎಂದರು ಮಾಸ್ತರರು ಗತ್ತಿನಿಂದ.

"ಯಜಮಾನ್ರ, ಕರೆಂಟು ಹಾಯೂದ ಈ ಹಲ್ಲಿನಾಗಿಂದ. ನೀವು ಅದರ ಬಾಯಿಗೆ ಬಣ್ಣಾ ಬಡದು ಮುಚ್ಚೀರಿ."

ಗಿರಾಕಿಗಳು ನಕ್ಕರು. ನನಗೂ ನಗಬೇಕು ಅನ್ನಿಸಿತು, ಸಿಟ್ಟೂ ಬಂದಿತ್ತು, ಎರಡರ ನಡುವೆ ಕಣ್ಣೀರು ಬಂತು. ಅಂಗಡಿಯವನು ಪಕ್ಕದ, ಅಂಗಡಿ ಬೋರ್ಡು ಬರೆಯುವವನಿಂದ ಬಣ್ಣ ಕರಗಿಸುವ ಥಿನ್ನರ್ ತರಿಸಿ ಚುಕ್ಕೆ ಅಳಿಸಿ, ಕಾರ್ಡನ್ನು ತನ್ನ ಯಂತ್ರಕ್ಕೆ ಹಾಕಿದ. ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು. ಮಾಸ್ತರರು ಅವನಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ ಹೊರಗೆ ಬಂದರು.

ಮರಳಿ ಬರುವಾಗ ರೈಲು ಅಣ್ಣಿಗೇರಿ ಸಮೀಪಿಸಿದ ಮೇಲೆ ಬಾಯಿಬಿಟ್ಟರು.

"ತಂಗಿ, ಎಲ್ಲಾರ ಮ್ಯಾಲೂ ಕಣ್ಣಿಟ್ಟೆ. ನನ್ನ ಮ್ಯಾಲ ಇಡೂದು ಮರತೆ. ಇನ್ನ ಮ್ಯಾಲ ಅದು ನಿನ್ನ ಕೆಲಸ."

ಕ್ಷಮಿಸು ಎನ್ನಲಿಲ್ಲ. ನಾನೂ ಅದಕ್ಕೆ ಕಾಯಲಿಲ್ಲ. ಮರುದಿನ ಇನ್ನುಳಿದ ಸಾಮಾನನ್ನೆಲ್ಲ ಬಿಚ್ಚಿ, ಎಲ್ಲೆಲ್ಲಿ ಚುಕ್ಕೆ ಇಟ್ಟಿದ್ದೀರಿ ಹೇಳಿ ಎಂದು ಅವರನ್ನೇ ಎದುರಿಗೆ ಕೂರಿಸಿಕೊಂಡೆ. ಆರೋಪಿಯ ಹಾಗೆ ಕೂತು ಒಂದೊಂದನ್ನೇ ಒಪ್ಪಿಕೊಂಡರು. ಪೇಟೆಯ ಮೊದಲ ಕಂಪ್ಯೂಟರ್ ಹಾಗೆ ಶುರುವಾಯಿತು. ಅದರ ಮೇಲೆ ಎಷ್ಟೋ ಹುಡುಗಿಯರು ಕಲಿತರು, ನಾನು ಹೊಟ್ಟೆ ಹೊರೆದುಕೊಂಡೆ. ಯಂತ್ರ ಕೆಟ್ಟಾಗ ಮೊದಲು ನನ್ನ ಕೈಯನ್ನೇ ಅನುಮಾನಿಸುವ ಅಭ್ಯಾಸ ನನಗೆ ಬಂದದ್ದು ಆ ದಿನದಿಂದ. ಯಾವ ಕಾಲೇಜೂ ಅದನ್ನು ಕಲಿಸಿರಲಿಲ್ಲ.

ಮಾಸ್ತರರೇನೂ ಬದಲಾಗಲಿಲ್ಲ. ಪರದೆಯ ಮೇಲಿನ ಅಕ್ಷರವನ್ನು ಕಡೆಯವರೆಗೂ ನಂಬಲಿಲ್ಲ, ಕಾಗದಕ್ಕೆ ಇಳಿದರೆ ಮಾತ್ರ ಹ್ಞೂಂ ಎನ್ನುತ್ತಿದ್ದರು. ನನ್ನ ಬೆನ್ನ ಹಿಂದೆ ಬಂದು ನಿಲ್ಲುವುದನ್ನು ಮಾತ್ರ ಬಿಟ್ಟರು.

ಎಷ್ಟೋ ವರ್ಷಗಳ ಮೇಲೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಮಲಗಿದ್ದರು. ಕುಂದಗೋಳಕ್ಕೆ ಕೊಟ್ಟ ಮಗಳು ಆರೈಕೆಗೆ ಇದ್ದಳು. ನಾನು ನೋಡಲು ಹೋದಾಗ ಅವಳನ್ನು ಎಳನೀರು ತರಲು ಹೊರಗೆ ಕಳಿಸಿ, ನನ್ನನ್ನು ಹತ್ತಿರ ಕರೆದರು.

"ಮಗಳು ಆರಾಮ ಆಗತೈತಿ ಅಂತಾಳ. ನರ್ಸೂ ಹಂಗ ಅಂತಾಳ. ಡಾಕ್ಟರ್ ನನ್ನ ಮುಂದ ನಗತಾನ. ಯಾರೂ ಖರೇ ಹೇಳವಲ್ರು. ನೀ ಹೋಗಿ ಕೇಳಿ ಬಾ."

ಹೋಗಿ ಕೇಳಿದೆ. ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡು ಕಾರಿಡಾರಿಗೆ ಬಂದೆ. ಸುಳ್ಳು ಹೇಳುವುದು ಬಹಳ ಸುಲಭವಿತ್ತು. ಒಳಗೆ ಬಂದು ಅವರ ಮಗ್ಗುಲಲ್ಲಿ ಕೂತೆ.

"ಆರಾಮ ಆಗೂದಿಲ್ಲಂತ್ರೀ ಸರ್," ಎಂದೆ.

ಅವರು ನನ್ನ ಮುಖವನ್ನು ನೋಡಿದರು. ಎಳನೀರು ಹಿಡಿದು ಮಗಳು ಬಾಗಿಲಿಗೆ ಬಂದಿದ್ದಳು. ಅವಳಿಗೆ, "ಗಾಡಿ ಹೇಳವ್ವಾ, ಮನಿಗೆ ಹೋಗೂಣು," ಎಂದರು. ನಾನು ಹೇಳಿದ್ದು ಖರೆಯೋ ಎಂದು ಇನ್ನೊಬ್ಬರನ್ನು ಕೇಳಲಿಲ್ಲ.