ಗೋಲಿಯ ಅಮ್ಮ ಮೆಲ್ಬರ್ನ್‌ಗೆ ಹೋಗಿ ಬಂದದ್ದು

ಎರಡು ಸಾವಿರದ ಏಳರ ಜುಲೈ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಸಿಡ್ನಿಯ ನಮ್ಮ ಮನೆಯ ಮುಂದೆ ಹನ್ನೆರಡು ಸೀಟಿನ ಬಾಡಿಗೆ ವ್ಯಾನು ನಿಂತಿತ್ತು. ಸ್ಟೀರಿಂಗ್ ಹಿಂದೆ ನಾನಿದ್ದೆ. ನನ್ನ ಮಗಳು ಮೇಘ ತನ್ನ ಯೂನಿವರ್ಸಿಟಿಯ ಐಸ್ ಹಾಕಿ ಟೀಮಿನಲ್ಲಿದ್ದಳು. ಟೀಮನ್ನು ಮೆಲ್ಬರ್ನ್‌ಗೆ ಕರೆದೊಯ್ಯಬೇಕಿದ್ದ ಕೋಚ್ ಹಿಂದಿನ ವಾರ ಮನೆಯ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡಿದ್ದ. ಜೀವನವಿಡೀ ಮಂಜುಗಡ್ಡೆಯ ಮೇಲೆ ಓಡಾಡಿದವನು ಬಿದ್ದದ್ದು ಒಣ ಸಿಮೆಂಟಿನ ಮೇಲೆ. ವ್ಯಾನು ಓಡಿಸುವವರಿಗೆ ಇಪ್ಪತ್ತೈದು ತುಂಬಿರಬೇಕು ಎಂದು ಬಾಡಿಗೆಯವರು ಹಟ ಹಿಡಿದರು. ಟೀಮಿನಲ್ಲಿ ಯಾರಿಗೂ ತುಂಬಿರಲಿಲ್ಲ. ನನಗೆ ತುಂಬಿ ಎಷ್ಟೋ ಕಾಲವಾಗಿತ್ತು. ನಾರ್ವೆಸ್ಟ್‌ನ ಆಫೀಸಿಗೆ ಒಂದು ದಿನ ರಜೆ ಹಾಕಿ ಹೊರಟೆ.

ಈ ಆಟದ ಬಗ್ಗೆ ಮೈಸೂರಿನ ನಮ್ಮ ಮನೆಯವರಿಗೆ ವಿವರಿಸಲು ಹೋಗಿ ನಾನು ಎರಡು ಸಲ ಕೈಸುಟ್ಟುಕೊಂಡಿದ್ದೆ. ಮೇಘ ಟೀಮಿನ ಗೋಲಿ, ಅಂದರೆ ಗೋಲು ಕಾಯುವವಳು, ಎಂದು ಫೋನಿನಲ್ಲಿ ಹೇಳಿದೆ. ಅತ್ತೆ, "ಗೋಲಿ ಆಡೋದಕ್ಕೆ ಅಷ್ಟು ದೂರ ಕರ್ಕೊಂಡು ಹೋಗ್ಬೇಕಿತ್ತೇನೇ? ಇಲ್ಲೇ ನಮ್ಮ ವಠಾರದಲ್ಲಿ ಆಡ್ತಿದ್ದಳಲ್ಲ" ಎಂದರು. ಇನ್ನೊಂದು ಸಲ, ಇವರ ಟೀಮು ಒಂದು ಕಾನ್ಫರೆನ್ಸಿನಲ್ಲಿದೆ ಎಂದೆ. ಈ ದೇಶದಲ್ಲಿ ಕಾಲೇಜು ಟೀಮುಗಳ ಗುಂಪಿಗೆ ಹಾಗೆ ಹೆಸರಿಟ್ಟುಕೊಂಡಿದ್ದರು. ಮಾವನವರು ಮೊಮ್ಮಗಳು ಕಾನ್ಫರೆನ್ಸಿನಲ್ಲಿ ಪೇಪರ್ ಓದುತ್ತಾಳೆಂದು ಬೀದಿಗೆಲ್ಲ ಸಾರಿಬಿಟ್ಟರು. ನಾನು ತಿದ್ದಲು ಹೋಗಲಿಲ್ಲ. ಗೋಲಿಗಿಂತ ಪೇಪರ್ ವಾಸಿ.

ಆ ಕಾನ್ಫರೆನ್ಸಿನಲ್ಲಿ ಇದ್ದದ್ದೇ ನಾಲ್ಕು ಟೀಮು: ಸಿಡ್ನಿಯ ಎರಡು, ಮೆಲ್ಬರ್ನ್‌ನ ಎರಡು. ಚಳಿಗಾಲದಲ್ಲಿ, ಅಂದರೆ ಇಲ್ಲಿನ ಜೂನ್ ಜುಲೈನಲ್ಲಿ, ಇವರು ಅಲ್ಲಿಗೆ ಹೋಗುವುದು, ಅವರು ಇಲ್ಲಿಗೆ ಬರುವುದು, ಬೀಗರಂತೆ. ನಮ್ಮದು ಹಸಿರು ಅಂಗಿಯ ಟೀಮು, ನಾಲ್ಕರಲ್ಲಿ ನಾಲ್ಕನೆಯದು. ಎರಡು ವರ್ಷದಲ್ಲಿ ಒಂದು ಪಾಯಿಂಟೂ ಗಳಿಸಿರಲಿಲ್ಲ. ಗೆದ್ದರೆ ಎರಡು, ಸಮ ಮಾಡಿಕೊಂಡರೆ ಒಂದು. ಇವರಿಗೆ ಆ ಒಂದೂ ದಕ್ಕಿರಲಿಲ್ಲ. ಇವರ ಜಾಗಕ್ಕಾಗಿ ಬೇರೊಂದು ಊರಿನ ಯೂನಿವರ್ಸಿಟಿ ಕಾದು ಕುಳಿತಿತ್ತು. ಈ ವಾರಾಂತ್ಯದ ಎರಡು ಆಟಗಳಲ್ಲಿ ಒಂದಾದರೂ ಪಾಯಿಂಟ್ ಬರದಿದ್ದರೆ ಹಸಿರು ಟೀಮು ಮನೆಗೆ. ಮೇಘ ಈ ಸೋಲುಗಳನ್ನೆಲ್ಲ ತನ್ನ ತಲೆಗೇ ಕಟ್ಟಿಕೊಂಡಿದ್ದಳು. ಗೋಲು ಬಿಟ್ಟವಳು ತಾನೇ ತಾನೆ ಎನ್ನುತ್ತಿದ್ದಳು. ರಾತ್ರಿ ಊಟ ಸರಿಯಾಗಿ ಮಾಡುತ್ತಿರಲಿಲ್ಲ. ನನಗೆ ಆಟ ಹಾಳಾಗಿ ಹೋಗಲಿ, ಮಗಳು ಉಂಡರೆ ಸಾಕಿತ್ತು.

ಹೊರಡುವಾಗ ಮೇಘ ವ್ಯಾನಿನ ಕಿಟಕಿಯಿಂದ ತಲೆ ಹೊರಹಾಕಿ ಅಪ್ಪನಿಗೆ, "ಓಕೆ, ವಿ ಆರ್ ಗೋಯಿಂಗ್!" ಎಂದು ಕೂಗಿದಳು.

"ಹೋಗ್ತೀವಿ ಅನ್ನಬಾರದು ಕಣೆ, ಬರ್ತೀವಿ ಅನ್ನು" ಎಂದೆ.

"ಬಟ್ ವಿ ಆರ್ ಗೋಯಿಂಗ್, ಅಮ್ಮ. ನಾವು ಬರ್ತಾ ಇಲ್ಲ. ಲಾಜಿಕ್!"

ಚಿಕ್ಕವಳಿದ್ದಾಗ ಬರ್ತೀನಿ ಅನ್ನದೆ ಹೊಸ್ತಿಲು ದಾಟಲು ನಾನು ಬಿಡುತ್ತಿರಲಿಲ್ಲ. ಹೈಸ್ಕೂಲು ಸೇರಿದ ಮೇಲೆ ಅದು 'ಸೀ ಯಾ' ಆಯಿತು. ನಾನು ಕನ್ನಡದಲ್ಲಿ ಏನು ಕೇಳಿದರೂ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಅವಳ ಬದಲು ನಾನೇ ಎರಡು ಸಲ "ಬರ್ತೀವ್ರೀ" ಎಂದು ವ್ಯಾನು ಹೊರಡಿಸಿದೆ.

ಸಿಡ್ನಿಯಿಂದ ಮೆಲ್ಬರ್ನ್‌ಗೆ ಹ್ಯೂಮ್ ಹೈವೇಯಲ್ಲಿ ಸುಮಾರು ಒಂಬೈನೂರು ಕಿಲೋಮೀಟರು. ದಾರಿಯುದ್ದಕ್ಕೂ ಹುಲ್ಲು, ಕುರಿ, ಮತ್ತೆ ಹುಲ್ಲು. ವ್ಯಾನಿನೊಳಗೆ ಹನ್ನೊಂದು ಮಕ್ಕಳು, ಮಿಕ್ಕವರು ಹಿಂದೆ ಕಾರುಗಳಲ್ಲಿ. ಐಸ್ ಹಾಕಿಯವರ ಬ್ಯಾಗಿನ ವಾಸನೆಯನ್ನು ನಾನಿಲ್ಲಿ ಬಣ್ಣಿಸುವುದಿಲ್ಲ, ಓದುವವರು ಊಟ ಮಾಡಬೇಕಲ್ಲ. ಗೋಲ್ಬರ್ನ್‌ನಲ್ಲಿ ಸಿಮೆಂಟಿನ ಭಾರೀ ಕುರಿಯೊಂದರ ಹತ್ತಿರ ನಿಲ್ಲಿಸಿ ಪುಳಿಯೋಗರೆ ಡಬ್ಬಿ ತೆಗೆದೆ. ಮೇಘ ನನ್ನನ್ನು ಅಮ್ಮ ಅನ್ನುವುದನ್ನು ಕೇಳಿ ಅದೇ ನನ್ನ ಹೆಸರೆಂದು ಎಲ್ಲರೂ ತಿಳಿದಿದ್ದರು. "ಅಮ್ಮ, ಈಸ್ ದೇರ್ ಮೋರ್?" ಎಂದು ಕ್ಯಾಪ್ಟನ್ ಡ್ಯಾನಿಯಲ್ ಮೂರು ಸಲ ಕೇಳಿದ. ಬಾಗಿಲಿನಷ್ಟು ಅಗಲದ ಹುಡುಗ. ಮುಖದಲ್ಲಿ ಕರುವಿನ ಸೌಮ್ಯತೆ.

ಗಂಡಗೈ ಎಂಬ ಊರು ದಾಟಿದ ಮೇಲೆ ಪೆಟ್ರೋಲು ಹಾಕಿಸಲು ತಿರುವು ಹುಡುಕುತ್ತಿದ್ದೆ. ಹಿಂದಿನ ಸೀಟಿನಿಂದ ಒಂದು ಗಂಡು ದನಿ, "ಯೆಡಾ! ಯೆಡಾ!" ಎಂದು ಅರಚಿತು. ವ್ಯಾನು ಗಟಾರಕ್ಕೆ ಇಳಿಯುವುದೊಂದು ಬಾಕಿ. ಕೂಗಿದವನು ಡ್ಯಾನಿಯಲ್. ಅವನು ಹೇಳಿದ್ದು ಸರಿಯಾಗಿತ್ತು, ತಿರುವು ಎಡಕ್ಕೇ ಇತ್ತು.

"ಇವನಿಗೆ ಕನ್ನಡ ಯಾರೇ ಕಲಿಸಿದ್ದು?" ಎಂದು ಮೇಘಳನ್ನು ಕೇಳಿದೆ.

"ಇಟ್ಸ್ ಜಸ್ಟ್ ಎ ಕೋಡ್, ಅಮ್ಮ" ಎಂದು ಅವಳು ಕಿಟಕಿಯ ಹೊರಗೆ ನೋಡಿದಳು.

ಆಮೇಲೆ ಒಂದೊಂದಾಗಿ ತಿಳಿಯಿತು. ಮೈದಾನವೆಲ್ಲ ಕಾಣುವುದು ಗೋಲಿಗೆ, ಹಾಗಾಗಿ ಮುಂದಿರುವವರಿಗೆ ಅವಳು ಕೂಗಿ ಹೇಳುತ್ತಿರಬೇಕು. ಇಂಗ್ಲಿಷಿನಲ್ಲಿ ಕೂಗಿದರೆ ಎದುರಾಳಿಗಳಿಗೂ ಕೇಳುತ್ತದೆ. ಅದಕ್ಕೆ ನನ್ನ ಮಗಳು ಇಡೀ ಟೀಮಿಗೆ ಎಡ, ಬಲ, ಹಿಂದೆ, ಬಿಡು, ಹೊಡಿ ಕಲಿಸಿದ್ದಳು. ಮನೆಯಲ್ಲಿ ಉಪ್ಪು ಬೇಕಾದರೂ ಇಂಗ್ಲಿಷಿನಲ್ಲಿ ಕೇಳುವವಳು! ಆಸ್ಟ್ರೇಲಿಯಾದ ಮಂಜುಗಡ್ಡೆಯ ಮೇಲೆ ಕನ್ನಡ ಯಾರಿಗೆ ತಿಳಿಯಬೇಕು ಎಂದು ನಾವೆಲ್ಲ ಹಿಗ್ಗಿದೆವು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಾಗ ಅದಕ್ಕೂ ಹೀಗೇ ಅನ್ನಿಸುತ್ತಿರಬೇಕು. ಆಲ್ಬರಿ ಬರುವಷ್ಟರಲ್ಲಿ ನಾನು "ಬೇಗ", "ಮೆಲ್ಲಗೆ" ಎಂಬ ಎರಡು ಮಾತು ಸೇರಿಸಿ ಉಚ್ಚಾರಣೆಯನ್ನೂ ತಿದ್ದಿದ್ದೆ. ನಡುವೆ ಹೋಲ್‌ಬ್ರೂಕ್ ಎಂಬ ಊರು ಬಂತು. ಸಮುದ್ರದಿಂದ ನೂರಾರು ಕಿಲೋಮೀಟರು ಒಳಗಿರುವ ಆ ಊರ ಪಾರ್ಕಿನಲ್ಲಿ ಒಂದು ಜಲಾಂತರ್ಗಾಮಿ ಹಡಗನ್ನು ಇಟ್ಟಿದ್ದಾರೆ. ಬಿಸಿಲಿನ ದೇಶದಲ್ಲಿ ಐಸ್ ಹಾಕಿ ಆಡುವ ನಮ್ಮ ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಮೆಲ್ಬರ್ನ್‌ನಲ್ಲಿ ಅಡ್ಡ ಮಳೆ, ಅಡ್ಡ ಗಾಳಿ. ಗ್ಲೆನ್ ವೇವರ್ಲಿ ಬಳಿಯ ಮೋಟೆಲಿನಲ್ಲಿ ಹೀಟರು ಕೆಮ್ಮುತ್ತಿತ್ತು. ಆದರೂ ಶನಿವಾರ ರಿಂಕಿಗೆ, ಅಂದರೆ ಮಂಜುಗಡ್ಡೆಯ ಅಂಗಳಕ್ಕೆ, ಹೋದ ಮೇಲೆ ಆ ಮೋಟೆಲೇ ಸ್ವರ್ಗ ಅನ್ನಿಸಿತು. ಹಳೆಯ ಗೋಡೌನಿನಂಥ ಕಟ್ಟಡ, ತಗಡಿನ ಮಾಡು, ಮರದ ಬೆಂಚು. ನಾನು ಎರಡು ಸ್ವೆಟರು, ಒಂದು ಶಾಲು, ತಲೆಗೆ ಮಫ್ಲರು ಸುತ್ತಿ ಕುಳಿತೆ. ಅಂದು ನೀಲಿ ಅಂಗಿಯ ಟೀಮಿನ ಎದುರು ಆಟ. ಕೋಡು ಚೆನ್ನಾಗಿ ನಡೆಯಿತು. ಮೇಘ "ಬಲ!" ಎಂದಾಗಲೆಲ್ಲ ನೀಲಿಯವರು ಕಕ್ಕಾಬಿಕ್ಕಿಯಾಗಿ ಸುತ್ತ ನೋಡುತ್ತಿದ್ದರು. ಯಾವಾಗಲೂ ಎಂಟು ಹತ್ತು ಗೋಲಿನಲ್ಲಿ ಸೋಲುವವರು ಅಂದು ಒಂದೇ ಗೋಲಿನಲ್ಲಿ ಸೋತರು. ಗೆದ್ದವರಿಗಿಂತ ನಮ್ಮವರೇ ಜೋರಾಗಿ ಕೂಗಾಡಿದರು. ಪಾಯಿಂಟ್ ಮಾತ್ರ ಇನ್ನೂ ಸೊನ್ನೆಯೇ. ಉಳಿದದ್ದು ಭಾನುವಾರ, ಕೆಂಪು ಟೀಮು.

ಭಾನುವಾರ ಬೆಳಿಗ್ಗೆ ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಏನೋ ಎಡವಟ್ಟಾಗಿದೆ ಎಂದು ನನಗೂ ತಿಳಿಯಿತು. ಮೇಘ "ಎಡ!" ಎಂದರೆ ನಮ್ಮವರಿಗಿಂತ ಮೊದಲು ಕೆಂಪಿನವರು ಎಡಕ್ಕೆ ಹೋಗುತ್ತಿದ್ದರು. "ಬಿಡು!" ಎಂದರೆ ನಮ್ಮವನು ಬಿಟ್ಟ ಪಕ್ಕನ್ನು, ಅಂದರೆ ಚೆಂಡಿನ ಬದಲಿರುವ ಆ ರಬ್ಬರ್ ಬಿಲ್ಲೆಯನ್ನು, ಕೆಂಪು ಅಂಗಿಯ ಹದಿನೇಳನೇ ನಂಬರಿನವನು ಪ್ರಸಾದದಂತೆ ಎತ್ತಿಕೊಂಡು ಹೋಗುತ್ತಿದ್ದ. ಎರಡು ಗೋಲಾದವು. ಎರಡನೆಯದನ್ನು ಹೊಡೆದ ಹದಿನೇಳು ಶಿರಸ್ತ್ರಾಣದೊಳಗಿಂದ ತನ್ನ ಜೊತೆಗಾರನಿಗೆ, "ಸೂಪರ್ ಮಗಾ!" ಎಂದ.

ನನಗೆ ಚಳಿಗೆ ಕಿವಿ ಕೆಟ್ಟಿತೇನೋ ಅನ್ನಿಸಿತು. "ಅಯ್ಯೋ ಇವನ ಮನೆ ಹಾಳಾಗ, ಇವನ್ಯಾವನು?" ಎಂದು ಗಟ್ಟಿಯಾಗಿಯೇ ಅಂದೆ.

"ನಮ್ಮ ಮನೇನೇ ಆಂಟಿ, ಹಾಳಾಗೋದು ಬೇಡ" ಎಂದಿತು ಪಕ್ಕದಿಂದ ಒಂದು ದನಿ. ಟೋಪಿ ಹಾಕಿದ ಹುಡುಗನೊಬ್ಬ ಚಿಪ್ಸ್ ತಿನ್ನುತ್ತಾ ಕುಳಿತಿದ್ದ. ತುಮಕೂರಿನವನು, ಹೆಸರು ಮಂಜು. ಓದು ಮುಗಿಸಿ ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುತ್ತಾ ಪಿಆರ್‌ಗೆ, ಅಂದರೆ ಇಲ್ಲೇ ನೆಲೆಸುವ ಪರವಾನಗಿಗೆ, ಕಾಯುತ್ತಿದ್ದ. ಹದಿನೇಳನೇ ನಂಬರಿನ ಲ್ಯೂಕ್ ಅಪ್ಪಟ ಮೆಲ್ಬರ್ನ್ ಹುಡುಗನಂತೆ. ರೆಂಟು ಕಡಿಮೆಯೆಂದು ಮಂಜು ಮತ್ತು ಅವನ ಮೂವರು ಸ್ನೇಹಿತರ ಮನೆಯಲ್ಲಿ ಒಂದು ರೂಮು ಹಿಡಿದಿದ್ದ. "ಎರಡು ವರ್ಷ ಆಯ್ತು ಆಂಟಿ. ಮೊದಲು ಬೈಗುಳ ಕಲಿತ, ಆಮೇಲೆ ಮಿಕ್ಕಿದ್ದು. ಈಗ ಸಾರಿಗೆ ಒಗ್ಗರಣೆನೂ ಹಾಕ್ತಾನೆ."

ಮಧ್ಯಂತರದಲ್ಲಿ ನಾನು ಶಾಲು ಎತ್ತಿಕೊಂಡು ನಮ್ಮ ಬೆಂಚಿನ ಹಿಂದಕ್ಕೆ ಓಡಿದೆ. "ಆ ಹದಿನೇಳಕ್ಕೆ ಕನ್ನಡ ಬರುತ್ತೆ ಕಣೆ!" ಎಂದೆ. ಮೇಘ ಮುಖಗವಸು ಎತ್ತಿ, "ದಟ್ ರೆಡ್‌ಹೆಡ್?" ಎಂದಳು. ಕಣ್ಣಲ್ಲಿ ನೀರಿತ್ತು. "ಐ ರೂಯಿನ್ಡ್ ಇಟ್, ಅಮ್ಮ." ಸಮಾಧಾನ ಮಾಡಲು ತೋಚದೆ, "ಬಾಯಿ ಮುಚ್ಕೊಂಡು ಆಡು" ಎಂದುಬಿಟ್ಟು ಮಂಜುವಿನ ಪಕ್ಕಕ್ಕೆ ವಾಪಸಾದೆ. ಹೇಳಿದ್ದು ಒರಟಾಯಿತು, ಆದರೆ ಕೆಲಸಕ್ಕೆ ಬಂತು. ಅವಳು ತುಟಿ ಬಿಚ್ಚದೆ ಆಡಿದಳು. ಬಂದದ್ದನ್ನೆಲ್ಲ ಮೈಯೊಡ್ಡಿ ತಡೆದಳು. ನಮ್ಮವರು ಎರಡು ಗೋಲು ಹೊಡೆದರು, ಕೆಂಪಿನವರು ಇನ್ನೊಂದು. ಮೂರು ಎರಡು. ಆಟ ಮುಗಿಯುವ ಹೊತ್ತು ಬಂತು.

ಈಗ ನನಗೆ ಯಾರೂ ಮೊದಲೇ ಹೇಳದಿದ್ದ ಒಂದು ಪದ್ಧತಿಯನ್ನು ನಿಮಗೆ ಹೇಳಬೇಕು. ಒಂದು ಗೋಲಿನಿಂದ ಹಿಂದಿರುವ ಟೀಮು ಕೊನೆಯಲ್ಲಿ ಗೋಲಿಯನ್ನೇ ಹೊರಗೆ ಕರೆದು, ಅವಳ ಬದಲು ಹೊಡೆಯುವವನೊಬ್ಬನನ್ನು ಇಳಿಸುತ್ತದೆ. ಮನೆಗೆ ಬೀಗ ಹಾಕದೆ ಎಲ್ಲರೂ ಜಾತ್ರೆಗೆ ಹೋದ ಹಾಗೆ. ನಾನು ಕಂಡದ್ದು ಇಷ್ಟೇ: ನನ್ನ ಮಗಳು ಗೋಲನ್ನು ಬರಿದಾಗಿ ಬಿಟ್ಟು ಬೆಂಚಿನ ಕಡೆಗೆ ಓಡಿ ಬರುತ್ತಿದ್ದಳು. ಮನಸ್ಸು ಮುರಿದು ಆಟ ಬಿಟ್ಟು ಬರುತ್ತಿದ್ದಾಳೆ ಅಂದುಕೊಂಡೆ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎಂದು ನನ್ನಮ್ಮ ಹೇಳಿಕೊಟ್ಟಿದ್ದೆಲ್ಲ ಮರೆತುಹೋಯಿತು.

"ಎಲ್ಲಿಗೆ ಹೋಗ್ತಿದ್ದೀಯೆ, ಮೇಘಾ!" ಎಂದು ತಗಡಿನ ಮಾಡು ಅದುರುವಂತೆ ಕಿರುಚಿದೆ.

"ಬರ್ತೀನಿ ಅಮ್ಮಾ!" ಎಂದು ಅವಳು ಅಷ್ಟೇ ಜೋರಾಗಿ ಕೂಗಿದಳು.

ಅದೇ ಕ್ಷಣ ಪಕ್ಕು ಲ್ಯೂಕ್‌ನ ಕೋಲಿಗೆ ಸಿಕ್ಕಿತ್ತು. ಎದುರಿಗೆ ಬರಿದಾದ ಗೋಲು, ಮೆಲ್ಲಗೆ ತಳ್ಳಿದ್ದರೂ ಸಾಕಿತ್ತು. ಆದರೆ ಅವನ ಕಿವಿಗೆ ಬರ್ತೀನಿ ಬಿತ್ತು. ಗೋಲಿ ವಾಪಸು ಬರುತ್ತಿದ್ದಾಳೆ ಎಂದು ಅವನು ಕತ್ತು ತಿರುಗಿಸಿ ಬೆಂಚಿನ ಕಡೆ ನೋಡಿದ. ನೋಡಿದ್ದೇ ತಡ, ಡ್ಯಾನಿಯಲ್ ಅವನ ಕೋಲಿನಿಂದ ಪಕ್ಕನ್ನು ಎಗರಿಸಿಕೊಂಡು ಕೆಂಪಿನವರ ಗೋಲಿನತ್ತ ಓಡಿ ಬಾರಿಸಿಬಿಟ್ಟ. ಮೂರು ಮೂರು. ಗಂಟೆ ಹೊಡೆಯಿತು. ಹಸಿರು ಟೀಮಿಗೆ ಆ ಒಂದು ಪಾಯಿಂಟು ದಕ್ಕಿತು. ಗೋಲು ಹೊಡೆದ ಡ್ಯಾನಿಯಲ್‌ನನ್ನು ಬಿಟ್ಟು ಎಲ್ಲರೂ ಬೆಂಚಿನ ಮೇಲಿದ್ದ ಮೇಘಳ ಮೇಲೆ ಬಿದ್ದರು. ನಾನು ಮಂಜುವನ್ನು ತಬ್ಬಿಕೊಂಡು ಅತ್ತೆ. ಅವನ ಚಿಪ್ಸೆಲ್ಲ ನೆಲದ ಪಾಲಾಯಿತು.

ಆಮೇಲೆ ರಿಂಕಿನ ಹೊರಗೆ ವ್ಯಾನಿಗೆ ಬ್ಯಾಗು ತುಂಬುತ್ತಿದ್ದಾಗ ಲ್ಯೂಕ್ ನೇರ ನನ್ನ ಹತ್ತಿರ ಬಂದ. ಕೆಂಪು ಕೂದಲು, ಅದಕ್ಕಿಂತ ಕೆಂಪು ಮುಖ. "ಆಂಟಿ, ಅವಳು ಬರ್ತೀನಿ ಅಂದ್ಲು! ಬರ್ಲೇ ಇಲ್ಲ! ಮೋಸ ಇದು" ಎಂದು ತುಮಕೂರಿನ ರಾಗದಲ್ಲಿ ದೂರು ಹೇಳಿದ.

"ಹೋಗುವಾಗ ಹಾಗೇ ಅನ್ನೋದಪ್ಪಾ ನಮ್ಮಲ್ಲಿ. ಬರ್ತೀನಿ ಅಂದ್ರೆ ಹೊರಟೆ ಅಂತ" ಎಂದೆ.

ಅವನು ಮಂಜುವಿನ ಕಡೆ ತಿರುಗಿ, "ನೀನ್ಯಾಕೆ ಹೇಳಿಕೊಡ್ಲಿಲ್ಲ ಮಗಾ?" ಎಂದು ದಬಾಯಿಸಿದ.

ಮಂಜು ತಲೆ ಕೆರೆದುಕೊಂಡ. "ನಾಲ್ಕು ಜನ ಹುಡುಗರು ಆಂಟಿ, ಯಾರು ಯಾರಿಗೆ ಹೇಳಿ ಹೊರಡ್ತೀವಿ? ಬಾಗಿಲು ದಬ್ ಅಂತ ಹಾಕ್ಕೊಂಡು ಹೋಗ್ತೀವಿ. ಅದನ್ನ ಹೇಳೋಕೆ ಮನೇಲಿ ಅಮ್ಮ ಇರ್ಬೇಕು." ಉಳಿದಿದ್ದ ಪುಳಿಯೋಗರೆ ಡಬ್ಬಿಯನ್ನು ಅವನ ಕೈಗೇ ಕೊಟ್ಟೆ. ಡ್ಯಾನಿಯಲ್‌ನ ಮುಖ ಬಾಡಿತು.

ಈ ಮಾತನ್ನೆಲ್ಲ ಮೇಘ ಟೀಮಿಗೆ ಇಂಗ್ಲಿಷಿನಲ್ಲಿ ವಿವರಿಸಿದಳು. ಲಾಜಿಕ್ ಇಲ್ಲದ ಆ ಪದ್ಧತಿಯನ್ನು ತಾನೇ ಕಂಡುಹಿಡಿದವಳ ಹಾಗೆ ವಿವರಿಸಿದಳು. ನಾನು ವ್ಯಾನು ಹೊರಡಿಸಿದೆ. ಪಾರ್ಕಿಂಗಿನಿಂದ ಹೊರಬೀಳುತ್ತಿದ್ದಂತೆ ಹನ್ನೊಂದು ತಲೆಗಳು ಕಿಟಕಿಗಳಿಂದ ಹೊರಬಂದು, "ಬರ್ತೀವಿ! ಬರ್ತೀವಿ!" ಎಂದು ಮೆಲ್ಬರ್ನ್‌ಗೆ ಕೇಳುವಂತೆ ಕೂಗಿದವು.

ಮಳೆಯಲ್ಲಿ ನಿಂತಿದ್ದ ಲ್ಯೂಕ್ ಈ ಸಲ ಮೋಸಹೋಗಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದು, "ಯಾವಾಗ?" ಎಂದು ಕೇಳಿದ.

ನನ್ನ ಮಗಳು ಸೊಂಟದವರೆಗೆ ಕಿಟಕಿಯಿಂದ ಹೊರಬಾಗಿ, "ಮುಂದಿನ ವರ್ಷ!" ಎಂದು ಕೂಗಿದಳು.