ನಸೀಬಾ ಹಾಕಿದ ಹೆಸರಿನ ಕಾವಲು

ವೇಣೂರು ಪೇಟೆಯಲ್ಲಿ ಮಮ್ಮು ಬ್ಯಾರಿಯ ಜೀನಸು ಅಂಗಡಿ ಇತ್ತಲ್ಲ, ಅದರ ಮಾಳಿಗೆಯಲ್ಲಿ ಮೂಸಾನ ಮಗಳು ನಸೀಬಾ ಕಂಪ್ಯೂಟರ್ ಸೆಂಟರ್ ಇಟ್ಟಿದ್ದಳು. ಎರಡು ಸಾವಿರದ ಮೂರನೆಯ ಇಸವಿಯ ಮಾತು. ಮೂಡಬಿದಿರೆಯಲ್ಲಿ ಕೋರ್ಸು ಮುಗಿಸಿ ಬಂದವಳಿಗೆ ಟೈಪಿಂಗು, ಪ್ರಿಂಟು ಎಂದು ವಾರ ಕಳೆಯುತ್ತಿತ್ತು. ಶುಕ್ರವಾರ ಮಾತ್ರ ಬೇರೆ. ಅಂದು ಗಲ್ಫಿನಲ್ಲಿ ರಜೆ. ಜುಮಾ ನಮಾಜು ಮುಗಿದದ್ದೇ ತಡ, ಅಲ್ಲಿರುವ ನಮ್ಮ ಕಡೆಯ ಗಂಡಸರೆಲ್ಲ ‘ಫಲ್ಗುಣಿ’ ಎಂಬ ಚಾಟ್ ಕೋಣೆಗೆ ಬರುವರು. ಇಲ್ಲಿ ಅವರ ಹೆಂಡತಿಯರು, ತಾಯಂದಿರು ನಸೀಬಾಳ ಮೆಟ್ಟಿಲು ಹತ್ತುವರು.

ಆ ಫಲ್ಗುಣಿಗೆ ಬಾಗಿಲೇ ಇರಲಿಲ್ಲ ನೋಡಿ. ಯಾರು ಯಾರ ಹೆಸರು ಹಾಕಿಕೊಂಡು ಬಂದರೂ ಕೇಳುವವರಿಲ್ಲ. ಒಂದು ಶುಕ್ರವಾರ ಯಾವನೋ ಪೋಕರಿ ದುಬೈಯ ಅಶ್ರಫನ ಹೆಂಡತಿ ರಶೀನಾಳ ಹೆಸರಿನಲ್ಲಿ ಕೂತು, ಅವನಿಗೆ “ನಿಮ್ಮ ಉಮ್ಮನ ಜೊತೆ ಸಾಕಾಯಿತು, ತವರಿಗೆ ಹೋಗ್ತೇನೆ” ಎಂದು ಬರೆದ. ಅಶ್ರಫ್ ನಂಬಿದ. ಮನೆಗೆ ಫೋನು ಮಾಡಿ ಹೆಂಡತಿಗೆ ಬೈದ. ನಿಜವಾದ ರಶೀನಾ ಪಾಪ, ಅಷ್ಟು ಹೊತ್ತೂ ಹಿತ್ತಲಲ್ಲಿ ಮೀನು ಕೊಯ್ಯುತ್ತಿದ್ದಳು.

ಮರುದಿನ ರಶೀನಾಳ ಅತ್ತೆ ಮೈಮೂನಮ್ಮ ಏದುಸಿರು ಬಿಡುತ್ತ ಮಾಳಿಗೆಗೆ ಬಂದರು.

“ಪೇಟೆಯಲ್ಲಿ ಏನು ಹೇಳ್ತಾರೆ ಗೊತ್ತುಂಟಾ? ಬರೆದದ್ದು ಆ ಕಂಪ್ಯೂಟರಿನ ಹುಡುಗಿಯೇ ಅಂತ.”

“ಅಲ್ಲಾಹನಾಣೆ ನಾನಲ್ಲ, ಮೈಮೂನಮ್ಮ!”

“ನೀನಲ್ಲ ಅಂತ ನನಗೆ ಗೊತ್ತುಂಟು. ನಿನಗೆ ಅಷ್ಟು ಧೈರ್ಯ ಎಲ್ಲಿಂದ? ಆದರೆ ನನ್ನ ಸೊಸೆಯ ಹೆಸರಲ್ಲಿ ಇನ್ನೊಬ್ಬರು ಕೂರಲಿಕ್ಕೆ ಆಗುವುದಿಲ್ಲ ಅಂತ ಬರುವ ಶುಕ್ರವಾರ ತೋರಿಸು. ಇಲ್ಲದಿದ್ದರೆ ಅವಳು ಈ ಮೆಟ್ಟಿಲು ಹತ್ತುವುದು ಬೇಡ.”

ಮೈಮೂನಮ್ಮ ಬೇಡವೆಂದರೆ ಊರಿನ ಬೇರೆ ಹೆಂಗಸರೂ ಬರುವುದಿಲ್ಲ. ಸೆಂಟರಿನ ಗತಿ ಹೇಗೂ ಇರಲಿ. ಮದುವೆಯಾಗಿ ಗಂಡನೊಂದಿಗೆ ಒಂದು ರಜೆಯನ್ನಷ್ಟೇ ಕಳೆದಿದ್ದ ರಶೀನಾಳಿಗೆ ಮನಬಿಚ್ಚಿ ಮಾತಾಡಲು ಇದ್ದ ಒಂದೇ ಜಾಗ ಅದು. ನಸೀಬಾಳಿಗೆ ಊಟ ಸೇರಲಿಲ್ಲ.

ಫಲ್ಗುಣಿಯನ್ನು ಕಟ್ಟಿದವನು ಸೌದಿಯ ಜುಬೈಲಿನಲ್ಲಿದ್ದ ಅವಳ ಅಣ್ಣ ಹನೀಫಾ. ಅವನನ್ನು ಕೇಳಿದರೆ, “ಅದಕ್ಕೆ ಸರ್ವಿಸಸ್ ಅಂತ ಬೇರೆ ಸಾಫ್ಟ್‌ವೇರ್ ಉಂಟು. ಒಬ್ಬರ ಹೆಸರು ಇನ್ನೊಬ್ಬರು ತೆಗೆಯದ ಹಾಗೆ ಪಾಸ್‌ವರ್ಡ್ ಕೇಳಿ ಕಾಯ್ತದೆ. ನನಗೆ ಪುರುಸೊತ್ತಿಲ್ಲ, ನೀನೇ ಹಾಕು ಮಾರಾಯ್ತಿ” ಎಂದ.

ಹಾಕುವುದು ಅಷ್ಟು ಸುಲಭವೇ? ಫೈಲು ಇಳಿಯುವಷ್ಟರಲ್ಲಿ ಫೋನಿನ ಲೈನು ಕಟ್ಟು; ಲೈನು ಬಂದರೆ ಕರೆಂಟು ಕಟ್ಟು. ಅಂತೂ ಇಳಿಸಿದಳು, ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಕಂಪೈಲ್ ಮಾಡಿದಳು, ಅದು ಹೇಗೆ ನಡೆಯಬೇಕೆಂದು ಬರೆದಿಡುವ ಕಾನ್ಫಿಗ್ ಫೈಲನ್ನು ಸಾಲು ಸಾಲಾಗಿ ಓದಿ ತಿದ್ದಿದಳು. ಚಾಟ್ ಸರ್ವರೂ ಈ ಹೊಸ ಸರ್ವಿಸಸ್ಸೂ ಒಂದನ್ನೊಂದು ನಂಬಬೇಕಾದರೆ ಎರಡರಲ್ಲೂ ಒಂದೇ ಗುಟ್ಟಿನ ಪದ ಬರೆದಿರಬೇಕು. ಅವಳು ಒಂದರಲ್ಲಿ ಬರೆದು ಇನ್ನೊಂದರಲ್ಲಿ ಮರೆತಿದ್ದಳು. ಎರಡೂ ಮುನಿಸಿಕೊಂಡ ಅತ್ತಿಗೆ ನಾದಿನಿಯರ ಹಾಗೆ ಮುಖ ತಿರುಗಿಸಿ ಕೂತಿದ್ದವು. ಗುರುವಾರ ಆ ತಪ್ಪು ಕಣ್ಣಿಗೆ ಬಿದ್ದಾಗ ಅವಳು ಕೂಗಿದ ಕೂಗಿಗೆ ಕೆಳಗಿನಿಂದ ಮಮ್ಮು, “ಏನದು, ಹಾವಾ?” ಎಂದು ಕೇಳಿದ.

ಇನ್ನು ಹೆಂಗಸರ ಹೆಸರುಗಳಿಗೆ ಪಾಸ್‌ವರ್ಡ್ ಆಗಬೇಕು. ಮರೆತುಹೋಗಬಾರದೆಂದು ನಸೀಬಾ ಒಬ್ಬೊಬ್ಬರಿಗೂ ಅವರವರ ಗಂಡನ ಹೆಸರನ್ನೇ ಇಟ್ಟುಬಿಟ್ಟಳು. ಮದುವೆಯಾಗದ ಹುಡುಗಿ, ಅವಳಿಗೇನು ಗೊತ್ತು! ಕಿವಿಯಲ್ಲಿ ಹೇಳಿದಾಗ ರಶೀನಾ ನಾಚಿ ತಲೆಯಾಡಿಸಿದ್ದಳು, ಅಷ್ಟೆ.

ಶುಕ್ರವಾರ ಮೈಮೂನಮ್ಮ ಸೊಸೆಯ ಪಕ್ಕಕ್ಕೇ ಕುರ್ಚಿ ಎಳೆದು ಕೂತರು. “ನೀನು ಮುಟ್ಟಬಾರದು, ಆಮೇಲೆ ಜನ ಮಾತಾಡ್ತಾರೆ” ಎಂದು ನಸೀಬಾಳನ್ನು ಬಾಗಿಲ ಹತ್ತಿರ ನಿಲ್ಲಿಸಿದರು. ರಶೀನಾ ತನ್ನ ಹೆಸರು ಹಾಕಿದಳು. ಕಾವಲು ತಡೆಯಿತು: ಈ ಹೆಸರಿಗೆ ಒಡೆಯರಿದ್ದಾರೆ, ಒಂದು ನಿಮಿಷದೊಳಗೆ ಪಾಸ್‌ವರ್ಡ್ ಕೊಡಿ.

ರಶೀನಾಳ ಬೆರಳು ಗಾಳಿಯಲ್ಲೇ ನಿಂತಿತು. ಅತ್ತೆಯ ಎದುರು ಗಂಡನ ಹೆಸರೇ? ಮನೆಯಲ್ಲಿ ‘ಅವರು’ ಎನ್ನುವುದಕ್ಕೂ ದನಿ ತಗ್ಗಿಸುವವಳು. ಅದರ ಮೇಲೆ, ಒಂದೊಂದು ಅಕ್ಷರವನ್ನೂ ಬಾಯಿಬಿಟ್ಟು ಹೇಳದೆ ಕೀಲಿ ಒತ್ತಲು ಬಾರದವಳು.

ನಿಮಿಷ ಕಳೆಯಿತು. ಕಾವಲು ಅವಳ ಹೆಸರನ್ನು ಕಿತ್ತುಕೊಂಡು ‘ಗೆಸ್ಟ್’ ಎಂದು ಮಾಡಿತು. ಆಗಲೇ ಬಂದಿದ್ದ ಅಶ್ರಫ್, “ಯಾರಿದು? ಪುನಃ ಅದೇ ಆಟವಾ? ನಾನು ಹೋಗ್ತೇನೆ” ಎಂದು ಬರೆದ. ಅದನ್ನು ಅತ್ತೆಗೆ ಓದಿ ಹೇಳಿ ರಶೀನಾ ತಲೆ ಬಗ್ಗಿಸಿ ಕಣ್ಣೊರೆಸಿಕೊಂಡಳು.

“ಚಂದ ಉಂಟು ನಿನ್ನ ಕಾವಲು!” ಮೈಮೂನಮ್ಮ ಬಾಗಿಲ ಕಡೆ ತಿರುಗಿದರು. “ಮನೆಯವರನ್ನೇ ಹೊರಗೆ ಹಾಕಿತಲ್ಲ!”

“ಪಾಸ್‌ವರ್ಡ್ ಕೊಡದಿದ್ದರೆ ಅದೇನು ಮಾಡ್ತದೆ? ಅದು… ಅವಳ ಗಂಡನ ಹೆಸರು” ಎಂದಳು ನಸೀಬಾ.

ಮೈಮೂನಮ್ಮ ಸೊಸೆಯ ಬಗ್ಗಿದ ತಲೆಯನ್ನು ನೋಡಿದರು. ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕರು.

“ಮಂಕೇ, ಅಷ್ಟಕ್ಕೆ ಅಳುವುದಾ? ಅವನಿಗೆ ಆ ಹೆಸರು ಇಟ್ಟವಳು ನಾನು. ನಾನೇ ಒತ್ತುತ್ತೇನೆ. ನನಗೆ ಇಂಗ್ಲಿಷ್ ಬರುವುದಿಲ್ಲ, ನೀನು ಬೆರಳು ತೋರಿಸು. ಬಾಯಿ ಬಿಡಬೇಡ.”

ರಶೀನಾ ಮತ್ತೆ ತನ್ನ ಹೆಸರು ಹಾಕಿದಳು. ಸೊಸೆ ತೋರಿಸಿದ ಕೀಲಿಯನ್ನೆಲ್ಲ ಅತ್ತೆ ಅಡಿಕೆ ಜಜ್ಜಿದ ಹಾಗೆ ಗುದ್ದಿದರು. ಕಾವಲು ಒಪ್ಪಿತು.

“ನಾನೇ” ಎಂದು ರಶೀನಾ ಬರೆದಳು.

“ಹೇಗೆ ನಂಬುವುದು?” ಎಂದ ಅಶ್ರಫ್.

“ಬರಿ ಮಗಳೇ,” ಎಂದರು ಮೈಮೂನಮ್ಮ, “ನಿನ್ನ ಉಮ್ಮ ಪಕ್ಕದಲ್ಲೇ ಕೂತಿದ್ದಾಳೆ. ಕೇಳದೆ ವಿಚಾರಿಸದೆ ನನ್ನ ಸೊಸೆಗೆ ಬೈದದ್ದಕ್ಕೆ ಊರಿಗೆ ಬಂದಾಗ ಉಂಟು ನಿನಗೆ ಅಂತ.”

ರಶೀನಾ ಹೇಳಿದ ಹಾಗೆಯೇ ಬರೆದಳು. ದುಬೈಯಿಂದ ಉತ್ತರ ಬಂತು: “ಉಮ್ಮನೇ ಹೌದು. ರಶೀ, ತಪ್ಪಾಯಿತು.”

ನಸೀಬಾ ಉಸಿರು ಬಿಟ್ಟು ಮೆಲ್ಲನೆ ಹೇಳಿದಳು, “ಈ ಪಾಸ್‌ವರ್ಡ್ ಬದಲಾಯಿಸಬೇಕು. ಗಂಡನ ಹೆಸರು ಊರಿಗೆಲ್ಲ ಗೊತ್ತುಂಟು. ರಶೀನಾಳಿಗೆ ಮಾತ್ರ ಗೊತ್ತಿರುವಂಥದ್ದು ಆಗಬೇಕು. ನನಗೂ ಗೊತ್ತಾಗಬಾರದು.”

“ನನಗೆ?”

“ನಿಮಗೂ.”

ಸೊಸೆಯದ್ದೇ ಆದ, ಅತ್ತೆಗೆ ಗೊತ್ತಿಲ್ಲದ ಒಂದು ಮಾತು ಆ ಮನೆಯಲ್ಲಿ ಇಷ್ಟರವರೆಗೆ ಇದ್ದದ್ದಿಲ್ಲ. ಮೈಮೂನಮ್ಮ ಎದ್ದು, ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿ, ಬೆನ್ನು ಹಾಕಿ ಕೂತರು.

“ಹಾಕು ಮಗಳೇ, ನಿಧಾನ ಹಾಕು.”

ನಸೀಬಾ ಮೆಟ್ಟಿಲಿಗೆ ಹೋಗಿ ನಿಂತಳು. ಒಳಗೆ ರಶೀನಾ ಒಂದೊಂದೇ ಅಕ್ಷರವನ್ನು ಬಾಯಿಬಿಟ್ಟು ಹೇಳುತ್ತ ಒತ್ತತೊಡಗಿದಳು.

“ಏ, ಸ್ವಲ್ಪ ನಿಲ್ಲು,” ಮೈಮೂನಮ್ಮನ ದನಿ ಕೇಳಿತು, “ನಾನು ಕಿವಿ ಮುಚ್ಚಿಕೊಳ್ತೇನೆ.”