ಹಡಗಿನ ಡಬ್ಬಿ ಮತ್ತು ತಳಕಿನ ಕರ್ಜಿಕಾಯಿ

ಚಳ್ಳಕೆರೆಯ ನಮ್ಮ ಮನೆಯ ಗೂಡಿನಲ್ಲಿ ಒಂದು ತಗಡಿನ ಡಬ್ಬಿ ಇದೆ. ಮುಚ್ಚಳದ ಮೇಲೆ ಹಡಗಿನ ಚಿತ್ರ. ಕೆರೆ ತುಂಬುವುದೇ ಅಪರೂಪವಾದ ನಮ್ಮ ಸೀಮೆಗೆ ಬಂದ ಹಡಗು ಬಹುಶಃ ಇದೊಂದೇ ಇರಬೇಕು. ಈಗ ಅವ್ವ ಅದರಲ್ಲಿ ಮೆಣಸು ತುಂಬಿಡುತ್ತಾಳೆ. ಆದರೂ ಅದನ್ನು ಕಂಡಾಗಲೆಲ್ಲ ನನ್ನ ಎದೆ ಉಬ್ಬುತ್ತದೆ. ಮೆಣಸಿಗೂ ಅಭಿಮಾನಕ್ಕೂ ಏನು ಸಂಬಂಧವೆಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ.

ಡಬ್ಬಿ ತಂದವರು ನನ್ನ ತಂಗಿ ಪಾರ್ವತಿಯ ಗಂಡ. ಬೆಂಗಳೂರಿನ ಕಚೇರಿಯೊಂದರಲ್ಲಿ ಗುಮಾಸ್ತರು, ಗಡಿಯಾರದ ಸರಪಳಿಯನ್ನು ಕೋಟಿನ ಮೇಲೆ ನಾಲ್ಕು ಜನಕ್ಕೆ ಕಾಣುವಂತೆ ಇಳಿಬಿಡುವವರು. ರೈಲಿನ ಮಸಿ, ಗಾಡಿಯ ಧೂಳುಗಳನ್ನು ಕೊಡವಿಕೊಳ್ಳುವ ಮೊದಲೇ ಅವರು ಡಬ್ಬಿಯೊಳಗಿದ್ದ, ದಂಡುಪ್ರದೇಶದ ಬೇಕರಿಯ ಬಿಸ್ಕತ್ತಿನ ಮಹಿಮೆಯನ್ನು ವರ್ಣಿಸತೊಡಗಿದರು: ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ, ಅಂಚಿನಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲವಂತೆ. ಅವ್ವ ಒಂದನ್ನು ಹಾಲಿಗೆ ಅದ್ದಿದಳು. ಅದು ಕರಗಿ ಲೋಟದ ತಳ ಸೇರಿದ್ದನ್ನು ನೋಡಿ, ಪಾರ್ವತಿ ಹೇಗಿದ್ದಾಳೆಂದು ಕೇಳಿದಳು.

ವರ್ಣನೆ ಅಲ್ಲಿಗೆ ನಿಂತಿತು. ತಂಗಿ ಬಸುರಿ, ತಿಂಗಳಿಂದ ತುತ್ತು ಸೇರುತ್ತಿಲ್ಲ.

“ದಿನಾ ಇಳಿದು ಹೋಗ್ತಿದ್ದಾಳೆ ಭಾವ. ಕೇಕು, ಬನ್ನು, ಏನು ತಂದುಕೊಟ್ರೂ ಪಕ್ಕಕ್ಕಿಡ್ತಾಳೆ. ತಳಕಿನ ತಿಪ್ಪಮ್ಮನ ಕರ್ಜಿಕಾಯಿ ಬೇಕಂತೆ.”

ತಂಗಿಯ ಸ್ಥಿತಿ ಕೇಳಿ ನನಗೆ ಸಂಕಟವಾಯಿತು. ಆ ಸಂಕಟದ ನಡುವೆಯೇ ಒಳಗೊಳಗೆ ಹಿಗ್ಗೂ ಆಯಿತೆಂಬುದನ್ನು ನಿಮ್ಮಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ.

ಹತ್ತಿರದ ತಳಕು ಊರಿನ ಈ ತಿಪ್ಪಮ್ಮನ ತವರು ಮೊಳಕಾಲ್ಮೂರಿನ ಆಚೆಗಿನ ತೆಲುಗು ಸೀಮೆ. ಅವಳದು ಅಂಗಡಿಯಲ್ಲ, ಬೋರ್ಡಿಲ್ಲ. ಹಿತ್ತಲ ಬೇವಿನ ನೆರಳಲ್ಲಿ ಒಂದು ಒಲೆ, ಅಷ್ಟೇ. ಆ ದಾರಿಯಲ್ಲಿ ಹೋಗುವ ಗಾಡಿಯ ಎತ್ತುಗಳಿಗೂ ಅಲ್ಲಿ ನಿಲ್ಲುವುದು ಅಭ್ಯಾಸವಾಗಿತ್ತು. ಕೊಬ್ಬರಿ, ಬೆಲ್ಲ, ಹುರಿದ ಎಳ್ಳು, ಏಲಕ್ಕಿ ಸೇರಿದ ಹೂರಣವನ್ನು ತೆಳ್ಳನೆಯ ಕಣಕದೊಳಗಿಟ್ಟು ಅವಳು ಅಂಚನ್ನು ಜಡೆಯಂತೆ ಹೆಣೆದರೆ, ಎಣ್ಣೆಯಲ್ಲಿ ಮುಳುಗೆದ್ದರೂ ಒಂದು ಕಾಳು ಹೊರಗೆ ಬರುತ್ತಿರಲಿಲ್ಲ. ಇದನ್ನೆಲ್ಲ ತಳಕಿಗೆ ಹೋಗುವ ದಾರಿಯುದ್ದಕ್ಕೂ, ಆ ಕಣಕವನ್ನು ನಾದಿದವನೇ ನಾನೆಂಬ ಠೀವಿಯಲ್ಲಿ, ಅಳಿಯಂದಿರಿಗೆ ವಿವರಿಸಿದೆ.

ವಿಷಯ ಕೇಳಿದ ತಿಪ್ಪಮ್ಮ ಮಾಡಿಟ್ಟಿದ್ದ ಬುಟ್ಟಿಯನ್ನು ಬದಿಗೆ ಸರಿಸಿದಳು. “ಪಾರ್ವತಿಗಾ? ಇದು ಬ್ಯಾಡ, ಹೊಸದಾಗಿ ಮಾಡಾನ,” ಎಂದವಳೇ ಅಳಿಯಂದಿರ ಕಡೆ ಮಣೆ ತಳ್ಳಿದಳು. “ರಾ ನಾಯನಾ, ಕೂಚೋ. ಬಯಕೆ ತಿಂಡೀಗೆ ಕೈ ಹಿಡಿದೋನ ಕೈ ಸೋಕ್ಬೇಕು, ನಮ್ಮನೇಲಿ ಹಂಗೇ. ಅಂಚು ನೀವು ಮಡಚ್ರಿ.”

ಅವರು ನನ್ನ ಮುಖ ನೋಡಿದರು. ನಾನು ಬೇವಿನ ಮರ ನೋಡಿದೆ. ಕೊನೆಗೆ ಕೋಟು ಕಳಚಿತು, ಸರಪಳಿ ನನ್ನ ಜೇಬು ಸೇರಿತು. ಅವರ ಮೊದಲ ಕರ್ಜಿಕಾಯಿ ಎಣ್ಣೆಗೆ ಬಿದ್ದೊಡನೆ ಬಾಯಿಬಿಟ್ಟು, ಹೂರಣವೆಲ್ಲ ಕರಕಲಾಯಿತು. ಮರುದಿನವೇ ಹೊರಡಬೇಕಾದ ಗಂಡಸು ತಲೆ ತಗ್ಗಿಸಿ ಕುಳಿತುಬಿಟ್ಟಾಗ ನನಗೆ ನಗು ಬರಲಿಲ್ಲ.

“ಬರ್ತೈತೆ ಬಿಡ್ರಿ,” ಎಂದಳು ತಿಪ್ಪಮ್ಮ. “ನಿಮ್ ಭಾವಂಗೆ ಇವತ್ತಿಗೂ ಬಂದಿಲ್ಲ.”

ನನ್ನ ಠೀವಿಗೆ ಅಲ್ಲೇ ಮಂಗಳಾರತಿಯಾಯಿತು. ಸಂಜೆಯ ಹೊತ್ತಿಗೆ ಅವರ ಕೈಯಲ್ಲಿ ಒಂದಿಷ್ಟು ಬಂದವು. ಸೊಟ್ಟ, ಆದರೆ ಬಾಯಿ ಮುಚ್ಚಿದವು. ಬಿಸ್ಕತ್ತುಗಳನ್ನು ಬೀದಿಯ ಮಕ್ಕಳಿಗೆ ಹಂಚಿ, ಡಬ್ಬಿಯ ತಳಕ್ಕೆ ತಿಪ್ಪಮ್ಮನವನ್ನೂ ಮೇಲೆ ಅವರವನ್ನೂ ತುಂಬಿ ಕಳಿಸಿದೆವು.

ಆಮೇಲೆ ಸುದ್ದಿಯೇ ಇಲ್ಲ. ಅವ್ವ ದಿನವೂ ಸಂಜೆ ಬಾಗಿಲಲ್ಲಿ ನಿಂತು ದಾರಿ ನೋಡುವಳು. ನನಗೂ ಊಟ ರುಚಿಸುತ್ತಿರಲಿಲ್ಲ. ಹೀಗಿರುವಾಗ ಒಂದು ದಿನ ಮನೆಯ ಮುಂದೆ ಗಾಡಿ ನಿಂತಿತು. ಅಳಿಯಂದಿರು ಇಳಿದು, ಅದೇ ಡಬ್ಬಿಯನ್ನು ಅವ್ವನ ಕೈಗಿಟ್ಟರು. ತೆರೆದರೆ ಖಾಲಿ.

“ಪೂರ್ತಿ ಅವಳೇ ತಿಂದ್ಲು ಅತ್ತೆ. ನಾನು ಮಾಡಿದ್ದನ್ನೇ ಮೊದಲು ತಗೊಂಡ್ಲು. ಈಗ ಅನ್ನಾನೂ ಸೇರ್ತಿದೆ,” ಎಂದವರು ನನ್ನತ್ತ ತಿರುಗಿದರು. “ಗಾಡಿಯವನಿಗೆ ಎತ್ತು ಬಿಚ್ಚಬೇಡ ಅಂದಿದೀನಿ. ತಳಕಿಗೆ ಹೋಗೋಣ ಬನ್ನಿ ಭಾವ.” ಸರಪಳಿಯನ್ನು ಆಗಲೇ ಬಿಚ್ಚಿ ನನ್ನ ಕೈಗೆ ಕೊಟ್ಟಾಗಿತ್ತು.

ಹೆರಿಗೆಗೆ ಬಂದ ಪಾರ್ವತಿ ಜೊತೆಗೆ ತಂದ ಡಬ್ಬಿಯನ್ನು ಇಲ್ಲೇ ಬಿಟ್ಟುಹೋದಳು. ಮೆಣಸಿನ ಘಾಟಿನ ಅಡಿಯಲ್ಲಿ ಏಲಕ್ಕಿಯ ವಾಸನೆ ಇನ್ನೂ ಇದೆಯೆಂದು ನಾನು ವಾದಿಸುತ್ತೇನೆ. ಅವ್ವ ಒಪ್ಪುವುದಿಲ್ಲ, ಆದರೆ ಡಬ್ಬಿ ತೆರೆದಾಗಲೆಲ್ಲ ಒಂದು ಸಲ ಮೂಸಿ ನೋಡಿಯೇ ಮುಚ್ಚುತ್ತಾಳೆ.